ಮೀರತ್‌ನ ಹುಡುಗಿ, ತುಮಕೂರಿನ ಸೀಟು

1989ರ ಜೂನ್ 5ರಂದು ಕರ್ನಾಟಕ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೊಂದು ದರಪಟ್ಟಿ ಹೊರಡಿಸಿತು. ಸರ್ಕಾರಿ ಕೋಟಾದಲ್ಲಿ ಬಂದವರಿಗೆ ವರ್ಷಕ್ಕೆ 2,000 ರೂಪಾಯಿ. ಕೋಟಾ ಸಿಗದ ಕರ್ನಾಟಕದವರಿಗೆ 25,000. ಹೊರರಾಜ್ಯದವರಿಗೆ 60,000. ಅದೇ ಬೆಂಚು, ಅದೇ ಪ್ರೊಫೆಸರು, ಕೊಯ್ಯಲು ಅದೇ ಹೆಣ, ಬೆಲೆ ಮಾತ್ರ ಮೂರು. ಡೊನೇಷನ್ ಹಾವಳಿಗೆ ಲಗಾಮು ಹಾಕಲು 1984ರಲ್ಲಿ ತಂದ ಕ್ಯಾಪಿಟೇಷನ್ ನಿಷೇಧ ಕಾಯ್ದೆಯ ಅಡಿಯಲ್ಲೇ ಈ ಪಟ್ಟಿ ಹೊರಬಿತ್ತು!

1991ರಲ್ಲಿ ಉತ್ತರ ಪ್ರದೇಶದ ಮೀರತ್‌ನಿಂದ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಅಗಲಕೋಟೆಯ ಖಾಸಗಿ ಕಾಲೇಜಿಗೆ ಎಂಬಿಬಿಎಸ್‌ಗಾಗಿ ಅರ್ಜಿ ಹಾಕಿದಳು. ಮೊದಲ ವರ್ಷದ ಶುಲ್ಕ 60,000 ಕಟ್ಟಿ, ಉಳಿದ ವರ್ಷಗಳ ಮೊತ್ತಕ್ಕೆ ಬ್ಯಾಂಕ್ ಗ್ಯಾರಂಟಿ ತನ್ನಿ ಎಂದು ಆಡಳಿತ ಮಂಡಳಿ ತಿಳಿಸಿತು. ಅಷ್ಟು ನನ್ನ ಕೈಲಾಗದು ಎಂದರು ಅಪ್ಪ. ಸೀಟು ಹೋಯಿತು. ಇದರ ಮೇಲೆ ಇನ್ನೂ ನಾಲ್ಕೂವರೆ ಲಕ್ಷ ಕೇಳಿದ್ದರು ಎಂಬುದು ಹುಡುಗಿಯ ಆರೋಪ. ಇಲ್ಲವೇ ಇಲ್ಲ ಎಂದಿತು ಆಡಳಿತ ಮಂಡಳಿ. ಆಕೆ ನೇರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಳು.

ದುಡ್ಡು ಕೊಟ್ಟು ಡಾಕ್ಟರಾಗುವ ಪದ್ಧತಿ ನಮ್ಮಲ್ಲಿ ಬೇರುಬಿಟ್ಟ ಬಗೆ ತಿಳಿಯಲು ಮಣಿಪಾಲಕ್ಕೆ ಹೋಗಬೇಕು. ಡಾ. ಟಿ.ಎಂ.ಎ. ಪೈ ವೈದ್ಯರು, ಅದಕ್ಕಿಂತ ಹೆಚ್ಚಾಗಿ ಲೆಕ್ಕದ ಮನುಷ್ಯ. 1925ರಲ್ಲಿ ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆ ಸಂಗ್ರಹಿಸುತ್ತಿದ್ದರು. ಹತ್ತು ಜನರ ಸಣ್ಣ ದುಡ್ಡು ಕೂಡಿದರೆ ದೊಡ್ಡ ಕೆಲಸವಾಗುತ್ತದೆ ಎಂದು ಅರಿತಿದ್ದ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಕಟ್ಟಡ, ಲ್ಯಾಬು, ಅಧ್ಯಾಪಕರ ಸಂಬಳದ ಭಾರವನ್ನು ವಿದ್ಯಾರ್ಥಿಗಳ ಪೋಷಕರೇ ಹೊತ್ತರು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ಆದರೂ ಕಾಲೇಜು ಸೇರಿಕೊಂಡದ್ದು ದೂರದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ರೋಗಿಗಳನ್ನು ನೋಡಿ ಕಲಿಯಲು ಹುಡುಗರು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗುತ್ತಿದ್ದರು. ಕಲಿಕೆ ಖಾಸಗಿಯದು, ಕಾಯಿಲೆ ಸರ್ಕಾರಿ ವಾರ್ಡಿನದು. ಈ ಏರ್ಪಾಡು ಆಮೇಲೆ ಎಷ್ಟೋ ಕಾಲೇಜುಗಳಿಗೆ ಮೇಲ್ಪಂಕ್ತಿಯಾಯಿತು.

ಪೈಗಳನ್ನು ಹಳಿಯುವ ಮನಸ್ಸು ನನಗಿಲ್ಲ. ಆಗ ಡಾಕ್ಟರುಗಳೇ ಇರಲಿಲ್ಲ, ಸರ್ಕಾರದ ಬಳಿ ಕಾಸೂ ಇರಲಿಲ್ಲ. 60ರ ದಶಕದಲ್ಲಿ ಬೆಳಗಾವಿ, ಕಲಬುರ್ಗಿ, ದಾವಣಗೆರೆಗಳಲ್ಲಿ, 80ರ ದಶಕದಲ್ಲಿ ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ಕಾಲೇಜುಗಳೆದ್ದವು. ಮಠಕ್ಕೊಂದು, ಸಂಘಕ್ಕೊಂದು, ರಾಜಕಾರಣಿಗೊಂದು. ಊರಿಗೆ ಡಾಕ್ಟರು ಬೇಕೆಂದು ಹುಟ್ಟಿದ ಪದ್ಧತಿ ಹಾದಿಯಲ್ಲೆಲ್ಲೋ ಸೀಟು ಮಾರುವ ಪದ್ಧತಿಯಾಗಿತ್ತು.

ಸುಪ್ರೀಂ ಕೋರ್ಟಿನಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಸಂಘವೂ ಪ್ರಕರಣದೊಳಗೆ ಬಂತು. ಒಬ್ಬ ವಿದ್ಯಾರ್ಥಿಗೆ ಐದು ವರ್ಷಕ್ಕೆ ಸುಮಾರು ಐದು ಲಕ್ಷ ಖರ್ಚಾಗುತ್ತದೆ, ಶೇ 40ರಷ್ಟು ಸೀಟುಗಳನ್ನು 2,000ದ ದರದಲ್ಲಿ ಸರ್ಕಾರಕ್ಕೆ ಬಿಟ್ಟುಕೊಡುತ್ತಿದ್ದೇವೆ, ಉಳಿದವರು ಆ ಕೊರತೆ ತುಂಬದೆ ಗತ್ಯಂತರವಿಲ್ಲ ಎಂಬುದು ಸಂಘದ ವಾದ. ನಾವೇ ಲೆಕ್ಕ ಹಾಕಿ ನೋಡೋಣ. ಸರ್ಕಾರಿ ಸೀಟಿನ ಹುಡುಗ ಐದು ವರ್ಷಕ್ಕೆ ಕೊಡುವುದು 10,000. ಕರ್ನಾಟಕದವನು ಒಂದೂಕಾಲು ಲಕ್ಷ. ಮೀರತ್‌ನವಳು ಮೂರು ಲಕ್ಷ. ಮೂವರಲ್ಲಿ ಯಾರೂ ಐದು ಲಕ್ಷದ ಹತ್ತಿರ ಸುಳಿಯುವುದಿಲ್ಲ! ಹಾಗಾದರೆ ಉಳಿದ ದುಡ್ಡು ಬರುತ್ತಿದ್ದದ್ದೆಲ್ಲಿಂದ? ಒಂದೋ ಆ ಐದು ಲಕ್ಷದ ಲೆಕ್ಕ ತಪ್ಪು, ಇಲ್ಲವೇ ಹುಡುಗಿಯ ನಾಲ್ಕೂವರೆ ಲಕ್ಷದ ದೂರಿನಲ್ಲಿ ಹುರುಳಿತ್ತು. ಖರ್ಚಿನ ಅಂಕಿ ಬಂದದ್ದು ಮಾರುವವರ ಬಾಯಿಂದಲೇ ಎಂಬುದನ್ನೂ ನೆನಪಿಡಬೇಕು.

1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ತೀರ್ಪು ಕೊಟ್ಟರು. ಶಿಕ್ಷಣ ಮೂಲಭೂತ ಹಕ್ಕು, ಸರ್ಕಾರಿ ಸೀಟಿನ ದರಕ್ಕಿಂತ ಹೆಚ್ಚು ವಸೂಲು ಮಾಡಿದ್ದೆಲ್ಲ ಶುಲ್ಕದ ವೇಷದ ಕ್ಯಾಪಿಟೇಷನ್ ಎಂದು ಸಾರಿ ದರಪಟ್ಟಿಯನ್ನು ಹರಿದು ಹಾಕಿದರು. ಮೋಹಿನಿ ಜೈನ್‌ಗೆ ಸಿಕ್ಕಿದ್ದೇನು? ಏನೂ ಇಲ್ಲ. ಆಕೆ ಮೆರಿಟ್ ಮೇಲೆ ಆಯ್ಕೆಯಾದವಳಲ್ಲ, ತರಗತಿಗಳು ಹಿಂದಿನ ವರ್ಷವೇ ಶುರುವಾಗಿವೆ ಎಂದು ಆಕೆಗೆ ಪರಿಹಾರ ನಿರಾಕರಿಸಿದರು. ತೀರ್ಪು ಮುಂದಿನವರಿಗಷ್ಟೇ ಅನ್ವಯ ಎಂದದ್ದರಿಂದ, ಆಗಲೇ ದುಡ್ಡು ಕೊಟ್ಟು ಒಳಗೆ ಕೂತವರು ಕೂತೇ ಇದ್ದರು. ಕೇಸು ಗೆದ್ದವಳು ಮಾತ್ರ ಹೊರಗೆ. ಕಾನೂನು ವಿದ್ಯಾರ್ಥಿಗಳೆಲ್ಲ ಆ ಹೆಸರು ಉರುಹೊಡೆಯುತ್ತಾರೆ, ಈ ಭಾಗವನ್ನು ಹೇಳುವವರು ಕಡಿಮೆ.

ಆಮೇಲಿನದು ಬೇಗ ಹೇಳಿ ಮುಗಿಸುವಂಥದು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಶಿಕ್ಷಣದ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಮೀಸಲಿಟ್ಟು, ಕಾಲೇಜುಗಳಿಗೆ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂಬ ಸೂತ್ರ ಹಾಕಿತು. ನಮ್ಮಲ್ಲಿ ಸಿಇಟಿ ಬಂತು. ಹಳ್ಳಿಯ ಮೇಷ್ಟರ ಮಗಳು, ಬಸ್ ಕಂಡಕ್ಟರ್ ಮಗ ಖಾಸಗಿ ಕಾಲೇಜಿನೊಳಗೆ ತಲೆಯೆತ್ತಿ ಹೋದ ವರ್ಷಗಳವು. ಅವು ಮುಗಿದುಹೋದವಲ್ಲ ಎಂದು ಇಂದಿಗೂ ಹೊಟ್ಟೆ ಉರಿಯುತ್ತದೆ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಸೂತ್ರವನ್ನು ಕಿತ್ತುಹಾಕಿತು. ಲಾಭಕೋರತನ ಕೂಡದು, ಆದರೆ ಬೆಳವಣಿಗೆಗೆ ತಕ್ಕ ಮಿಗತೆ ಇರಬಹುದು ಎಂದಿತು. ಆ ಪ್ರಕರಣಕ್ಕೆ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನದ್ದು. ಮಿಗತೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂದು ಅಳೆಯುವ ಹೊಣೆ ಶುಲ್ಕ ಸಮಿತಿಗಳ ಹೆಗಲೇರಿತು. ಕರ್ನಾಟಕದಲ್ಲಂತೂ ಸರ್ಕಾರ ಮತ್ತು ಕಾಲೇಜುಗಳು ಎದುರುಬದುರು ಕೂತು 'ಒಮ್ಮತದ ಒಪ್ಪಂದ'ದಲ್ಲಿ ದರ ಕುದುರಿಸುವುದೇ ರೂಢಿಯಾಯಿತು. ಆ ಮೇಜಿನ ಬಳಿ ಪೋಷಕರಿಗೆ ಕುರ್ಚಿಯಿಲ್ಲ.

ಇಂದು ಮ್ಯಾನೇಜ್‌ಮೆಂಟ್ ಅಥವಾ ಎನ್‌ಆರ್‌ಐ ಸೀಟಿನ ಒಟ್ಟು ಖರ್ಚು ಕೋಟಿ ದಾಟುವುದು ಯಾರಿಗೂ ಹೊಸ ಸುದ್ದಿಯಲ್ಲ. ಶೈಕ್ಷಣಿಕ ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ, ಅಂದರೆ ಮನೆ ಇಲ್ಲವೇ ಹೊಲ. ಒಂದು ಕೋಟಿಯನ್ನು ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 1.32 ಲಕ್ಷದ ಕಂತು ಕಟ್ಟಬೇಕು. ಆಗಷ್ಟೇ ಪಾಸಾದ ಡ್ಯೂಟಿ ಡಾಕ್ಟರಿಗೆ ಅಷ್ಟು ಸಂಬಳ ಎಲ್ಲಿ ಸಿಕ್ಕೀತು? ಹಾಗಾಗಿ ಎಂಡಿ, ಎಂಎಸ್ ಸೀಟು, ಅದಕ್ಕೆ ಮತ್ತೆ ದುಡ್ಡು. ಅಪ್ಪನ ನರ್ಸಿಂಗ್ ಹೋಮ್ ಕಾದಿರುವವರಿಗೆ ಈ ಲೆಕ್ಕ ಕೂಡಿಬರುತ್ತದೆ. ಉಳಿದವರ ಸಾಲ ಕೊನೆಗೆ ರೋಗಿಯ ಬಿಲ್ಲಿನಲ್ಲಿ ಕಾಣಿಸಿಕೊಂಡರೆ ಅಚ್ಚರಿಯಿಲ್ಲ.

ಇಲ್ಲಿಯ ದರ ಕೈಗೆಟುಕದ ಮಕ್ಕಳು ಉಕ್ರೇನ್, ರಷ್ಯಾಗಳಿಗೆ ಹೋದರು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ಹುಡುಗ ಪಿಯುಸಿಯಲ್ಲಿ ಶೇ 97 ಅಂಕ ತೆಗೆದವನು. ಇಲ್ಲಿ ಸೀಟಿಗೆ ಕೇಳುವ ದುಡ್ಡು ನಮ್ಮಲ್ಲಿರಲಿಲ್ಲ ಎಂದು ಅವನ ತಂದೆ ಅಂದೇ ಹೇಳಿದ್ದರು.

ಒಬ್ಬ ಡಾಕ್ಟರನ್ನು ತಯಾರು ಮಾಡಲು ನಿಜವಾಗಿ ಎಷ್ಟು ಖರ್ಚಾಗುತ್ತದೆ? 1991ರಲ್ಲಿ ಮೀರತ್‌ನ ಅಪ್ಪನಿಗೆ ಎದುರಾದ ಆ ಪ್ರಶ್ನೆಗೆ ಇಂದಿನ ಪೋಷಕರ ಕೈಯಲ್ಲೂ ನಂಬುವಂಥ ಉತ್ತರವಿಲ್ಲ. ಪ್ರತಿ ಖಾಸಗಿ ಕಾಲೇಜಿನ ಲೆಕ್ಕಪರಿಶೋಧಿತ ಖರ್ಚುವೆಚ್ಚವನ್ನು ಕೌನ್ಸೆಲಿಂಗ್‌ಗೆ ಮುಂಚೆಯೇ ಕನ್ನಡದಲ್ಲಿ ಪ್ರಕಟಿಸುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಪೋಷಕರೇ, ಮೊದಲ ಕಂತು ಕಟ್ಟುವ ಮುನ್ನ ಹಾಸ್ಟೆಲ್, ಪರೀಕ್ಷಾ ಶುಲ್ಕ, 'ಇತರೆ' ಎಲ್ಲ ಸೇರಿ ಕೋರ್ಸು ಮುಗಿಯುವವರೆಗಿನ ಮೊತ್ತವನ್ನೂ, ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಎಷ್ಟು ಕೊಡುತ್ತಾರೆಂಬುದನ್ನೂ ಲಿಖಿತವಾಗಿ ಕೇಳಿ ಪಡೆಯಿರಿ.