ಹಿನ್ನೀರಿನ ಪ್ರವಾಸಕ್ಕೆ ಬೇಕು ಊರಿನ ಮಾರ್ಗದರ್ಶಿ

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಣ ಸೇತುವೆ ಲೋಕಾರ್ಪಣೆಗೊಂಡಿತು. ಸುಮಾರು 470 ಕೋಟಿ ರೂಪಾಯಿ ವೆಚ್ಚದಲ್ಲಿ ನಿರ್ಮಾಣವಾದ, 2.44 ಕಿ.ಮೀ. ಉದ್ದದ ಈ ಸೇತುವೆಗಾಗಿ ಶರಾವತಿ ಹಿನ್ನೀರಿನ ಆಚೆಗಿನ ಜನ ದಶಕಗಳ ಕಾಲ ಕಾದಿದ್ದರು. ಸಂಜೆ ಲಾಂಚ್ ನಿಂತ ಮೇಲೆ ಗರ್ಭಿಣಿಗೆ ನೋವು ಕಾಣಿಸಿಕೊಂಡರೆ ಗತಿಯೇನು ಎಂಬ ಆತಂಕದಲ್ಲಿಯೇ ಎರಡು ತಲೆಮಾರು ಕಳೆದ ತುಮರಿ ಸುತ್ತಿನ ಹಳ್ಳಿಗಳಿಗೆ ಇದು ತಡವಾಗಿ ದೊರೆತ ನ್ಯಾಯ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಸೇತುವೆಯ ಮೇಲೆ ಇನ್ನೊಂದು ಬಗೆಯ ಸಂಚಾರವೂ ಹೆಚ್ಚಿದೆ. ಲಾಂಚಿನಲ್ಲಿ ಒಂದು ಸಲಕ್ಕೆ ಹಿಡಿಸುತ್ತಿದ್ದುದು ಕೆಲವೇ ವಾಹನಗಳು. ರಜಾ ದಿನಗಳಲ್ಲಿ ಸಿಗಂದೂರಿಗೆ ಹೋಗುವವರು ದಡದಲ್ಲಿ ಗಂಟೆಗಟ್ಟಲೆ ಸರದಿ ನಿಲ್ಲಬೇಕಾಗುತ್ತಿತ್ತು. ಯಾರೂ ಉದ್ದೇಶಿಸದಿದ್ದರೂ ಅದೊಂದು ನಿಯಂತ್ರಣವಾಗಿತ್ತು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ರೈಲು ಬಂತು, 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಆರಂಭವಾಯಿತು, ಈಗ ಸೇತುವೆಯೂ ಆಯಿತು. ಪರಿಣಾಮವಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳನ್ನು ‘ಒಂದೇ ದಿನದಲ್ಲಿ’ ತೋರಿಸುವ ಪ್ರವಾಸಗಳು ಒಂದು ಉದ್ಯಮವಾಗಿ ಬೆಳೆಯುತ್ತಿವೆ. ಈ ಉದ್ಯಮ ಯಾರಿಗೆ ಏನು ಕೊಡುತ್ತಿದೆ ಎಂದು ಲೆಕ್ಕ ಹಾಕಲು ಇದು ಸಕಾಲ.

ನಿವೃತ್ತ ಸಹೋದ್ಯೋಗಿಗಳೊಂದಿಗೆ ನಾನೂ ಇಂಥದೊಂದು ಪ್ರವಾಸ ಮಾಡಿದೆ. ಬೆಳಿಗ್ಗೆ ಆರಕ್ಕೆ ಸಾಗರ ಬಿಟ್ಟು ಜೋಗ, ಸಿಗಂದೂರು, ನಗರದ ಕೋಟೆ, ಕುಂದಾದ್ರಿ, ಕೊನೆಗೆ ಆಗುಂಬೆಯ ಸೂರ್ಯಾಸ್ತ. ಕೊಡಚಾದ್ರಿಯನ್ನು ದೂರದಿಂದಲೇ ತೋರಿಸಿದರು. ದಿನದ ಹೆಚ್ಚಿನ ಭಾಗ ಘಟ್ಟದ ತಿರುವುಗಳಲ್ಲಿ, ವಾಹನದೊಳಗೇ ಕಳೆಯಿತು. ಮಾರ್ಗದರ್ಶಿ ಇರುತ್ತಾರೆಂದು ಕರಪತ್ರದಲ್ಲಿ ಬರೆದಿತ್ತು. ಚಾಲಕನೇ ಆ ಮಾರ್ಗದರ್ಶಿ. ಪಾಪ, ಬೇರೆ ಜಿಲ್ಲೆಯಿಂದ ಬಂದ ಹುಡುಗ. ಹಿನ್ನೀರಿನ ದಡದಲ್ಲಿ ನಿಲ್ಲಿಸಿ, “ಇದು ಫೋಟೋ ಪಾಯಿಂಟ್, ಹದಿನೈದು ನಿಮಿಷ ಸಾರ್” ಎಂದ. ಈ ಕೆರೆ ಯಾವ ಕಾಲದ್ದು ಎಂದು ನಮ್ಮವರೊಬ್ಬರು ಕೇಳಿದರೆ, “ದೇವರು ಮಾಡಿದ್ದು ಸಾರ್, ಮೊದಲಿಂದಲೂ ಇದೆ” ಎಂದ.

ಅಲ್ಲಿಯೇ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಇದನ್ನು ಕೇಳಿ ನಕ್ಕರು. ನೀರಿನ ನಡುವೆ ತಲೆಯೆತ್ತಿದ್ದ ಒಂದು ಗುಡ್ಡದ ಕಡೆ ಕೈತೋರಿಸಿ, “ಆ ಗುಡ್ಡದ ಬುಡದಲ್ಲಿ ನಮ್ಮಪ್ಪನ ಅಡಿಕೆ ತೋಟ ಇತ್ತು ಸ್ವಾಮಿ. ನಾನು ಶಾಲೆಗೆ ಹೋಗ್ತಿದ್ದ ದಾರಿಯೂ ಅದರೊಳಗೇ ಇದೆ” ಎಂದರು. ಹದಿನೈದು ನಿಮಿಷ ಮುಗಿದಿತ್ತು. ಚಾಲಕ ಹಾರನ್ ಬಾರಿಸಿದ.

ಆ ಕರಪತ್ರದಲ್ಲಿ ‘ಪರ್ವತ ಸರೋವರ’, ‘ರಾಷ್ಟ್ರೀಯ ಉದ್ಯಾನ’ ಎಂಬ ಎರಡು ಪದಗಳಿದ್ದವು. ಎರಡೂ ತಪ್ಪು. ಈ ತಪ್ಪುಗಳನ್ನು ತಿದ್ದಬಲ್ಲ ಒಬ್ಬ ಮಾರ್ಗದರ್ಶಿ ಜೊತೆಗಿದ್ದರೆ ಪ್ರವಾಸದ ಅರ್ಥವೇ ಬೇರೆಯಾಗುತ್ತದೆ ಎಂಬುದು ನನ್ನ ವಾದ.

ಮೊದಲನೆಯದು ಸರೋವರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದ ನಂತರ ನಿಂತ ನೀರು ಇದು. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 151 ಟಿಎಂಸಿ. ತುಂಬಿದಾಗ ಹರಡುವ ವಿಸ್ತಾರ ಸುಮಾರು 300 ಚದರ ಕಿ.ಮೀ. ಈ ನೀರಿನಡಿ ಊರುಗಳಷ್ಟೇ ಅಲ್ಲದೆ ಒಂದು ಅಣೆಕಟ್ಟೆಯೂ ಮುಳುಗಿದೆ. ಜೋಗದ ಮೊದಲ ವಿದ್ಯುದಾಗಾರಕ್ಕಾಗಿ 1948ರಲ್ಲಿ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಹದಿನಾರೇ ವರ್ಷದಲ್ಲಿ ಲಿಂಗನಮಕ್ಕಿಯ ಪಾಲಾಯಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರ ಕಟ್ಟಡ ಇಂದಿಗೂ ಗಟ್ಟಿಮುಟ್ಟಾಗಿ ಮೇಲೆದ್ದು ನಿಲ್ಲುತ್ತದೆ. ಹೊಸನಗರ ತಾಲ್ಲೂಕಿನ ಕಥೆಯಂತೂ ಇನ್ನೂ ದೊಡ್ಡದು. ಲಿಂಗನಮಕ್ಕಿಯ ನೀರಿನ ಜೊತೆಗೆ ಚಕ್ರಾ, ಸಾವೇಹಕ್ಲು ಹಾಗೂ ವಾರಾಹಿ ಯೋಜನೆಯ ಮಾಣಿ ಜಲಾಶಯಗಳೂ ಆ ತಾಲ್ಲೂಕಿಗೇ ಬಂದವು. ಒಂದೇ ತಾಲ್ಲೂಕು ಮತ್ತೆ ಮತ್ತೆ ಮುಳುಗಡೆ ಕಂಡ ಉದಾಹರಣೆ ರಾಜ್ಯದಲ್ಲಿ ವಿರಳ.

ಜೋಗಕ್ಕೆ ಬಂದವರು ಡಿಸೆಂಬರಿನಲ್ಲಿ “ನೀರೆಲ್ಲಿ?” ಎಂದು ಕೇಳುವುದುಂಟು. ನೀರು ಲಿಂಗನಮಕ್ಕಿಯಿಂದ ತಲಕಳಲೆಗೆ, ಅಲ್ಲಿಂದ ಕೊಳವೆಗಳ ಮೂಲಕ 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಹೋಗಿರುತ್ತದೆ. ರಾಜ, ರಾಣಿ, ರೋರರ್, ರಾಕೆಟ್‌ಗಳು 253 ಮೀಟರ್ ಎತ್ತರದಿಂದ ಭೋರ್ಗರೆಯುವುದು ಜಲಾಶಯ ತುಂಬಿ ಗೇಟು ತೆರೆದಾಗ ಮಾತ್ರ. ಅಂದರೆ ಬೆಂಗಳೂರಿನ ನಮ್ಮ ಮನೆಗಳ ದೀಪಕ್ಕೂ ಜೋಗದ ಬರಿದಾದ ಬಂಡೆಗೂ ನೇರ ಸಂಬಂಧವಿದೆ. ಶರಾವತಿ ದಶಕಗಳ ಕಾಲ ರಾಜ್ಯದ ವಿದ್ಯುತ್ತಿನ ಬೆನ್ನೆಲುಬಾಗಿತ್ತು. ಅದಕ್ಕಾಗಿ ಮನೆ ಮಠ ಬಿಟ್ಟವರಲ್ಲಿ ಅನೇಕರು ಕಾಡಿನಂಚಿನಲ್ಲಿ ನೆಲೆಸಿದರು. ಅವರಲ್ಲಿ ಹಲವರ ಭೂಮಿಯ ಹಕ್ಕಿನ ಪ್ರಶ್ನೆ ಅರಣ್ಯ ಕಾನೂನಿನ ತೊಡಕಿಗೆ ಸಿಲುಕಿ ಮೂರನೆಯ ತಲೆಮಾರಿಗೂ ಬಗೆಹರಿದಿಲ್ಲ. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯಿಂದ, ಅದನ್ನಾಧರಿಸಿ ಗಿರೀಶ್ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದ ಚಿತ್ರದಿಂದ ಈ ನೋವು ನಾಡಿಗೆ ಪರಿಚಿತವಾಗಿದೆ. ಅದು ಪ್ರವಾಸಿಗೆ ಮಾತ್ರ ತಲುಪಿಲ್ಲ.

ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಆ ಸಿಟ್ಟನ್ನು ರಾಜಧಾನಿಯ ಹಲವರು ಸಂಕುಚಿತ ಬುದ್ಧಿ ಎಂದು ಕರೆದರು. ನದಿಯಿಂದ ಮೊದಲು ವಿದ್ಯುತ್ ಕೇಳಿದೆವು, ಆಮೇಲೆ ನೀರು ಕೇಳಿದೆವು, ಈಗ ವಾರಾಂತ್ಯದ ನೋಟವನ್ನೂ ಕೇಳುತ್ತಿದ್ದೇವೆ. ಪ್ರತಿಯಾಗಿ ಏನು ಕೊಟ್ಟೆವು ಎಂದು ಅಲ್ಲಿನವರು ಕೇಳಿದರೆ ತಪ್ಪೇನು?

ಎರಡನೆಯದು ರಾಷ್ಟ್ರೀಯ ಉದ್ಯಾನ. ಈ ಮೂರು ತಾಲ್ಲೂಕುಗಳಲ್ಲಿ ಯಾವುದೇ ರಾಷ್ಟ್ರೀಯ ಉದ್ಯಾನವಿಲ್ಲ. ದಕ್ಷಿಣಕ್ಕಿರುವ ಕುದುರೆಮುಖ ಮಾತ್ರ ಆ ಹೆಸರಿಗೆ ಅರ್ಹ. ಇಲ್ಲಿರುವುದು ವನ್ಯಜೀವಿ ಧಾಮಗಳು. 1972ರಲ್ಲಿ 431 ಚದರ ಕಿ.ಮೀ. ವಿಸ್ತಾರದಲ್ಲಿ ಘೋಷಣೆಯಾದ ಶರಾವತಿ ಕಣಿವೆ ಅಭಯಾರಣ್ಯ 2019ರಲ್ಲಿ ಅಘನಾಶಿನಿ ಕಣಿವೆಯ ಕಾಡುಗಳನ್ನೂ ಸೇರಿಸಿಕೊಂಡು ಸುಮಾರು 930 ಚದರ ಕಿ.ಮೀ.ಗೆ ಬೆಳೆದು ಸಿಂಗಳೀಕ ಅಭಯಾರಣ್ಯವೆನಿಸಿತು. ಇದು ಬರಿಯ ಹೆಸರಿನ ವ್ಯತ್ಯಾಸವಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಜನರ ಹಕ್ಕುಗಳು ಉಳಿಯುವುದಿಲ್ಲ. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶವಿದೆ. ಇಲ್ಲಿನ ಕಾಡಿನಲ್ಲಿ ಜಗತ್ತಿನ ಬೇರೆಲ್ಲೂ ಸಿಗದ, ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಸಿಂಗಳೀಕವೂ ಇದೆ, ಸೊಪ್ಪಿನಬೆಟ್ಟವನ್ನು ನಂಬಿದ ಅಡಿಕೆ ಬೆಳೆಗಾರನೂ ಇದ್ದಾನೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಾಗ ಕಾಡಂಚಿನ ಬದುಕಿನ ಬೆಲೆ ಏನೆಂಬುದು ಮತ್ತೊಮ್ಮೆ ತಿಳಿಯಿತು. ಇದೇ ಅಭಯಾರಣ್ಯದೊಳಗೆ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ತರುವ ಪ್ರಸ್ತಾವಕ್ಕೆ 2025ರಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಕಾಡನ್ನು ಕಿಟಕಿಯಿಂದಷ್ಟೇ ನೋಡಿದವನಿಗೆ ಈ ಚರ್ಚೆ ಅರ್ಥವಾಗುವುದು ಹೇಗೆ?

ನಿಜವಾದ ಗಿರಿಶಿಖರದ ಜಲಮೂಲಗಳೂ ಈ ಸೀಮೆಯಲ್ಲಿವೆ. ಕುಂದಕುಂದಾಚಾರ್ಯರ ಹೆಸರನ್ನು ಹೊತ್ತ ಕುಂದಾದ್ರಿಯಲ್ಲಿ ಪಾರ್ಶ್ವನಾಥ ಬಸದಿಯ ಪಕ್ಕದಲ್ಲಿಯೇ ಬಂಡೆಯ ನೆತ್ತಿಯ ಮೇಲೆ ಕೊಳವಿದೆ. ಕವಲೇದುರ್ಗದ ಕೋಟೆಯೊಳಗೆ ಕೆಳದಿ ಅರಸರ ಕಾಲದ ಕೊಳಗಳಿವೆ. 1763ರಲ್ಲಿ ಹೈದರಾಲಿಯ ವಶವಾದ ಬಿದನೂರು, ಅಂದರೆ ಇಂದಿನ ನಗರದ ಸಮೀಪ ದೇವಗಂಗೆಯ ಕೊಳಗಳು ಬೆಟ್ಟದ ಒರತೆಯಿಂದ ತುಂಬುತ್ತವೆ. ಊರನ್ನು ಮುಳುಗಿಸದೆ ನೀರನ್ನು ನಿಲ್ಲಿಸಿಕೊಂಡ ಜಾಣ್ಮೆ ಅದು. ಭೂಮಿಯ ಫಲವತ್ತತೆಯನ್ನು ಅಳೆದು ‘ಶಿಸ್ತು’ ಎಂಬ ಕಂದಾಯ ಪದ್ಧತಿ ತಂದ ಶಿವಪ್ಪ ನಾಯಕನ ನಾಡಿನಲ್ಲಿ ಲೆಕ್ಕಾಚಾರಕ್ಕೆ ಕೊರತೆ ಇರಲಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಅರ್ಥಶಾಸ್ತ್ರದಲ್ಲಿ ಪ್ರವಾಸೋದ್ಯಮದ ‘ಸೋರಿಕೆ’ ಎಂಬ ಪರಿಕಲ್ಪನೆಯಿದೆ. ಪ್ರವಾಸಿ ಖರ್ಚು ಮಾಡಿದ ಹಣದಲ್ಲಿ ಸ್ಥಳೀಯವಾಗಿ ಉಳಿಯದೆ ಹೊರಗೆ ಹರಿದುಹೋಗುವ ಭಾಗ ಅದು. ಒಂದು ದಿನದ ಪ್ರವಾಸದಲ್ಲಿ ಈ ಸೋರಿಕೆ ಸಹಜವಾಗಿಯೇ ಹೆಚ್ಚು. ವಾಹನ ಹೊರಗಿನದು, ಡೀಸೆಲ್ ಹೊರಗಿನದು, ರಾತ್ರಿಯ ವಾಸ್ತವ್ಯ ಬೇರೆ ಊರಿನದು. ಹಳ್ಳಿಗೆ ಉಳಿಯುವುದು ಪಾರ್ಕಿಂಗ್ ರಶೀದಿಯ ಪುಡಿಗಾಸು, ಚಹಾದ ಕಾಸು, ಮತ್ತು ಎಸೆದುಹೋದ ಪ್ಲಾಸ್ಟಿಕ್ ಬಾಟಲಿ. ಕಸ ಎತ್ತುವ ವೆಚ್ಚ ಗ್ರಾಮ ಪಂಚಾಯಿತಿಯದು. ಜನ ಎಷ್ಟು ಬಂದರು ಎಂಬುದನ್ನೇ ಪ್ರಗತಿಯ ಅಳತೆಗೋಲು ಮಾಡಿಕೊಂಡ ನಮ್ಮ ಇಲಾಖೆಗಳು ಎಷ್ಟು ಹಣ ಊರಿನಲ್ಲಿ ಉಳಿಯಿತು ಎಂದು ಕೇಳುವುದೇ ಇಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಕೇರಳದ ಪೆರಿಯಾರ್ ಸರೋವರವೂ 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆಯಿಂದ ಹುಟ್ಟಿದ್ದೇ. ಅಲ್ಲಿನ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಂದು ಕಾಲಕ್ಕೆ ಕಾಡಿನ ತೊಗಟೆ ಕದಿಯುತ್ತಿದ್ದವರನ್ನೇ ಪರಿಸರ ಅಭಿವೃದ್ಧಿ ಸಮಿತಿಗಳ ಮೂಲಕ ಮಾರ್ಗದರ್ಶಿಗಳನ್ನಾಗಿ, ಕಾವಲುಗಾರರನ್ನಾಗಿ ಮಾಡಲಾಯಿತು. ನಮ್ಮಲ್ಲಿಯೇ, 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ನೂಕುನುಗ್ಗಲು ಆದ ಮೇಲೆ ಅರಣ್ಯ ಇಲಾಖೆ ಚಾರಣಪಥಗಳಿಗೆ ಮಿತಿ ಹಾಕಿ ಆನ್‌ಲೈನ್ ನೋಂದಣಿ ತಂದಿತು. ಇನ್ನು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ ಹೊರಗಿನವರನ್ನು ಹಳ್ಳಿಗೆ ಕರೆದು, ದಿನಗಟ್ಟಲೆ ಉಳಿಸಿಕೊಂಡು, ಕೇಳಿಸಿ, ಮಾತಾಡಿಸಿ ಕಳಿಸುವ ಪರಿಪಾಠವನ್ನು ಎಂದೋ ರೂಢಿಸಿದೆ. ಅತಿಥಿಯಾಗಿ ಬಂದವನು ಸಮಯ ಕೊಡಲು ಸಿದ್ಧನಿದ್ದಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮಾಡಬೇಕಾದ ಕೆಲಸಗಳು ದುಬಾರಿಯೇನಲ್ಲ. ಮೊದಲನೆಯದಾಗಿ, ಮುಳುಗಡೆ ಕುಟುಂಬಗಳ ಮತ್ತು ಕಾಡಂಚಿನ ಹಳ್ಳಿಗಳ ಯುವಕ ಯುವತಿಯರಿಗೆ ಮಾರ್ಗದರ್ಶಿ ತರಬೇತಿ ಮತ್ತು ಅಧಿಕೃತ ಪರವಾನಗಿ ಕೊಡಬೇಕು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಸಾಗರ ತಾಲ್ಲೂಕಿನಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳು ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗಳನ್ನೇ ಪಠ್ಯವಾಗಿ ಬಳಸಬಹುದು. ಹಿರಿಯರ ನೆನಪುಗಳನ್ನೂ ಈಗಲೇ ದಾಖಲಿಸಬಹುದು. ಎರಡನೆಯದಾಗಿ, ಹೊರಗಿನಿಂದ ಬರುವ ಪ್ರತಿಯೊಂದು ತಂಡದ ಪ್ರವಾಸಕ್ಕೂ ಇಂಥ ಮಾರ್ಗದರ್ಶಿಯನ್ನು ಕಡ್ಡಾಯ ಮಾಡಬೇಕು. ಮೂರನೆಯದಾಗಿ, ಸೂಕ್ಷ್ಮ ಸ್ಥಳಗಳಿಗೆ ದಿನದ ಮಿತಿ ಗೊತ್ತುಪಡಿಸಿ, ಸಂಗ್ರಹವಾದ ಶುಲ್ಕದಲ್ಲಿ ನಿಶ್ಚಿತ ಪಾಲು ನೇರವಾಗಿ ಗ್ರಾಮ ಪಂಚಾಯಿತಿಗೆ ಸೇರುವಂತೆ ಮಾಡಬೇಕು.

ಪ್ರವಾಸದ ದಾರಿಯನ್ನೂ ಬದಲಿಸಬೇಕು. ಹತ್ತು ತಾಣಗಳ ಪಟ್ಟಿಗೆ ಬದಲಾಗಿ ಒಂದು ನದಿಯನ್ನು ಹಿಡಿದು ಹೊರಟರೆ ಸಾಕು. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಬೊಗಸೆ ನೀರಾಗಿ ಹುಟ್ಟುತ್ತದೆ. ಹೊಸನಗರದಲ್ಲಿ ಹಿನ್ನೀರಾಗಿ ಹರಡುತ್ತದೆ. ಸಾಗರದಲ್ಲಿ ಕಟ್ಟೆಗೆ ತಡೆದು ನಿಂತು, ಜೋಗದಲ್ಲಿ ಧುಮುಕುತ್ತದೆ ಅಥವಾ ವಿದ್ಯುತ್ತಾಗುತ್ತದೆ. ಮೂರು ತಾಲ್ಲೂಕು, ಒಂದು ನದಿ, ನಾಲ್ಕೇ ನಿಲುಗಡೆ. ಜೊತೆಗೆ ಆ ದಡದಲ್ಲಿ ಬೆಳೆದವರೊಬ್ಬರ ಮಾತು. ಒಂದು ದಿನಕ್ಕೆ ಇಷ್ಟು ಧಾರಾಳವಾಯಿತು.

ಇದರಿಂದ ಪ್ರವಾಸ ತುಟ್ಟಿಯಾಗುತ್ತದೆ, ಜನ ಕಡಿಮೆಯಾಗುತ್ತಾರೆ ಎಂಬ ಆಕ್ಷೇಪ ಬರಬಹುದು. ಒಬ್ಬ ಮಾರ್ಗದರ್ಶಿಯ ದಿನದ ಸಂಭಾವನೆ ಹನ್ನೆರಡು ಜನರ ನಡುವೆ ಹಂಚಿಕೆಯಾದರೆ ತಲೆಗೆ ಬೀಳುವುದು ಹೆದ್ದಾರಿಯ ಹೋಟೆಲಿನಲ್ಲಿ ಒಂದು ಊಟದ ಬೆಲೆಯ ಆಸುಪಾಸು. ಜನ ಸ್ವಲ್ಪ ಕಡಿಮೆಯಾದರೂ, ಬಂದವರ ಹಣ ಊರಿನಲ್ಲಿ ಉಳಿದರೆ ನಷ್ಟವೇನಿಲ್ಲ. ಊರು ಬಿಟ್ಟು ಬೆಂಗಳೂರಿನ ಗೋದಾಮುಗಳಲ್ಲಿ ದುಡಿಯುತ್ತಿರುವ ಮಲೆನಾಡಿನ ಹುಡುಗರಲ್ಲಿ ಕೆಲವರಾದರೂ ಮರಳಿ ಬರಲು ಇದು ಕಾರಣವಾದೀತು.

ಮುಳುಗಡೆಯನ್ನು ಕಣ್ಣಾರೆ ಕಂಡವರ ತಲೆಮಾರು ಇಂದು ಎಪ್ಪತ್ತರ ಆಚೆಗಿದೆ. ನೀರಿನಡಿ ಯಾವ ಊರು ಎಲ್ಲಿತ್ತು ಎಂದು ಬೆರಳು ತೋರಿಸಿ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಮೊಮ್ಮಕ್ಕಳಿಗೆ ಆ ತಿಳಿವಳಿಕೆ ದಾಟಿ, ಅದು ಗೌರವದ ಜೀವನೋಪಾಯವೂ ಆಗಬೇಕಾದರೆ ಪ್ರವಾಸೋದ್ಯಮ, ಅರಣ್ಯ ಮತ್ತು ಪಂಚಾಯತ್ ರಾಜ್ ಇಲಾಖೆಗಳು ಒಟ್ಟಿಗೆ ಕುಳಿತು ಈ ವರ್ಷವೇ ತೀರ್ಮಾನಿಸಬೇಕು. ನೂರಾರು ಕೋಟಿ ವೆಚ್ಚ ಮಾಡಿ ಸೇತುವೆ ಕಟ್ಟಿದ ಸರ್ಕಾರಗಳಿಗೆ ಇದೇನೂ ದೊಡ್ಡ ಮೊತ್ತದ ಕೆಲಸವಲ್ಲ.