ಮೇಜಿನ ಮೇಲೊಂದು ರೋಮನ್ ಸೈನ್ಯ

ಆಟಿಕೆಯ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಯುದ್ಧ ಹೂಡದ ಹುಡುಗರು ವಿರಳ. ಆದರೆ ಬೆಳೆದು ದೊಡ್ಡವರಾದ ಮೇಲೂ ಆ ಆಟವನ್ನು ಬಿಡದೆ, ಅದನ್ನೊಂದು ವಿದ್ಯೆಯನ್ನಾಗಿ ಮಾಡಿಕೊಂಡವರು ಯೂರೋಪಿನಲ್ಲಿ ಬಹಳ ಮಂದಿ ಇದ್ದಾರೆ. ಒಂದು ಹಲಗೆಯ ಮೇಲೆ ನೆಲ, ಗಿಡ, ಗುಡಾರಗಳನ್ನು ಸಣ್ಣ ಅಳತೆಯಲ್ಲಿ ರಚಿಸಿ, ನಡುವೆ ಬೊಂಬೆಗಳನ್ನಿಟ್ಟು, ಚರಿತ್ರೆಯ ಒಂದು ಗಳಿಗೆಯನ್ನು ಕಣ್ಣೆದುರಿಗೆ ತರುವ ಈ ಕಲೆಗೆ ಡಯೊರಾಮ ಎಂದು ಹೆಸರು. ಈ ಹವ್ಯಾಸಿಗಳಿಗೆ ಅಚ್ಚುಮೆಚ್ಚಾದ ವಸ್ತುಗಳಲ್ಲಿ ಸುಮಾರು 1,900 ವರ್ಷಗಳ ಹಿಂದಿನ ರೋಮನ್ ಸೈನ್ಯವೂ ಒಂದು.

ಜರ್ಮನಿಯ ನ್ಯೂರೆಂಬರ್ಗಿನ ಕುಶಲಕರ್ಮಿಗಳು 19ನೆಯ ಶತಮಾನದಲ್ಲಿ ತವರದ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ದು ದೇಶವಿದೇಶಗಳಿಗೆ ಕಳುಹಿಸುತ್ತಿದ್ದರು. 1893ರಲ್ಲಿ ಲಂಡನಿನ ಬ್ರಿಟನ್ಸ್ ಸಂಸ್ಥೆಯವರು ಒಳಗೆ ಪೊಳ್ಳಾದ ಲೋಹದ ಬೊಂಬೆಗಳನ್ನು ಮಾಡತೊಡಗಿದರು. ಅವುಗಳ ಎತ್ತರ 54 ಮಿಲ್ಲಿಮೀಟರ್. ಮುಂದೆ ಪ್ಲಾಸ್ಟಿಕ್ ಬಂತು, ಬೆಲೆ ಇಳಿಯಿತು. ಆದರೂ ಆ 54 ಮಿಲ್ಲಿಮೀಟರಿನ ಅಳತೆ ಇಂದಿಗೂ ಹವ್ಯಾಸಿಗಳ ನಡುವೆ ರೂಢಿಯಲ್ಲಿದೆ. ನಿಜವಾದ ಆಳಿಗೂ ಈ ಬೊಂಬೆಗೂ ಇರುವ ಪ್ರಮಾಣ ಸುಮಾರು 32ಕ್ಕೆ 1.

ಅಚ್ಚಿನ ದೋಷ

ಪೆಟ್ಟಿಗೆಯಿಂದ ಹೊರಬಂದ ಬೊಂಬೆಗಳಲ್ಲಿ ಒಂದು ದೊಡ್ಡ ಕೊರತೆಯಿದೆ. ಒಂದೇ ಅಚ್ಚಿನಲ್ಲಿ ಹುಟ್ಟಿದ ಅವೆಲ್ಲವೂ ಒಂದೇ ತರಹ. ಅದೇ ಮೀಸೆಯಿಲ್ಲದ ಮುಖ, ಅದೇ ಎತ್ತಿದ ಕೈ, ಅದೇ ಕೆಂಪು ಅಂಗಿ. ನೂರು ಬೊಂಬೆಗಳನ್ನು ನಿಲ್ಲಿಸಿದರೂ ಒಬ್ಬನೇ ಸಿಪಾಯಿ ನೂರು ಕನ್ನಡಿಗಳಲ್ಲಿ ಕಂಡಂತಾಗುತ್ತದೆ. ಆದುದರಿಂದಲೇ ನಿಜವಾದ ಹವ್ಯಾಸಿ ಕತ್ತಿ, ಮೇಣ, ಬಣ್ಣಗಳನ್ನು ಹಿಡಿದು ಪ್ರತಿಯೊಂದನ್ನೂ ತಿದ್ದಲು ಕೂಡುತ್ತಾನೆ. ಹಾಗಾದರೆ ಯಾವ ಆಧಾರದ ಮೇಲೆ ತಿದ್ದಬೇಕು?

ಮೊದಲನೆಯ ಆಧಾರ ಕಲ್ಲಿನದು. ಕ್ರಿ. ಶ. 113ರಲ್ಲಿ ರೋಮ್ ನಗರದಲ್ಲಿ ನಿಲ್ಲಿಸಿದ ಟ್ರಾಜನ್ ಚಕ್ರವರ್ತಿಯ ವಿಜಯಸ್ತಂಭ ಇಂದಿಗೂ ಅಲ್ಲೇ ಇದೆ. ಅದನ್ನು ಸುತ್ತಿ ಮೇಲೇರುವ ಸುಮಾರು 200 ಮೀಟರ್ ಉದ್ದದ ಉಬ್ಬುಚಿತ್ರದಲ್ಲಿ 2,500ಕ್ಕೂ ಮಿಕ್ಕಿದ ಆಕೃತಿಗಳಿವೆ. ಪಟ್ಟಿ ಪಟ್ಟಿಯಾದ ಲೋಹದ ಕವಚ ತೊಟ್ಟವರು ರೋಮಿನ ಪೌರರಾದ ಮುಖ್ಯದಳದವರು. ಬಳೆಗಳನ್ನು ಹೆಣೆದ ಅಂಗಿ ತೊಟ್ಟು ಅಂಡಾಕಾರದ ಗುರಾಣಿ ಹಿಡಿದವರು ಸಹಾಯಕ ದಳದವರು. ಗಮನಿಸಬೇಕಾದ ಸಂಗತಿಯೆಂದರೆ, ಈ ಸ್ತಂಭದ ಸಿಪಾಯಿಗಳು ಬರಿದೆ ಕಾದಾಡುವುದಿಲ್ಲ. ಮರ ಕಡಿಯುತ್ತಾರೆ, ಕೋಟೆ ಕಟ್ಟುತ್ತಾರೆ. ಗಾಯಗೊಂಡವನ ಕಾಲಿಗೆ ಒಬ್ಬ ಪಟ್ಟಿ ಕಟ್ಟುತ್ತಿರುವ ದೃಶ್ಯವೂ ಅಲ್ಲಿದೆ.

ಎರಡನೆಯದು ಮಣ್ಣಿನೊಳಗಿನ ಆಧಾರ. 1964ರಲ್ಲಿ ಉತ್ತರ ಇಂಗ್ಲೆಂಡಿನ ಕಾರ್ಬ್ರಿಜ್ ಎಂಬಲ್ಲಿ ಅಗೆದಾಗ ಒಂದು ಮರದ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಕವಚದ ಭಾಗಗಳು ದೊರೆತವು. ಆ ಪಟ್ಟಿಗಳು ಒಳಗಿನ ತೊಗಲಿನ ಮೇಲೆ ಹೇಗೆ ಕೂಡುತ್ತಿದ್ದವು, ಕೊಂಡಿಗಳು ಎಲ್ಲಿದ್ದವು ಎಂಬುದು ಸರಿಯಾಗಿ ತಿಳಿದದ್ದು ಅಲ್ಲಿಂದ ಮುಂದೆ. ಸಿರಿಯಾದ ಡ್ಯೂರಾ-ಯೂರೊಪಸ್ ಎಂಬ ಹಾಳೂರಿನಲ್ಲಿ 3ನೆಯ ಶತಮಾನದ ಗುರಾಣಿಯೊಂದು ಬಣ್ಣದ ಸಮೇತ ಸಿಕ್ಕಿದೆ. ತೆಳ್ಳನೆಯ ಮರದ ಪಟ್ಟಿಗಳನ್ನು ಅಡ್ಡಡ್ಡ ಅಂಟಿಸಿ ಮಾಡಿದ ಅದರ ಎತ್ತರ 105.5 ಸೆಂಟಿಮೀಟರ್. ನಮ್ಮ ಬೊಂಬೆಯ ಲೆಕ್ಕದಲ್ಲಿ ಅದು 3.3 ಸೆಂಟಿಮೀಟರ್ ಆಯಿತು.

ಹಾಜರಿ ಪಟ್ಟಿ ಹೇಳುವ ಕತೆ

ಇವೆರಡಕ್ಕಿಂತಲೂ ಮನಸ್ಸಿಗೆ ಹತ್ತಿರವಾದ ಮೂರನೆಯ ಆಧಾರವೊಂದಿದೆ. ಕಾರ್ಬ್ರಿಜ್‌ನಿಂದ ಬಹಳ ದೂರವಿಲ್ಲದ ವಿಂಡೊಲಾಂಡ ಎಂಬ ಕೋಟೆಯ ಕೆಸರಿನಲ್ಲಿ, 1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿಯವರಿಗೆ ಮರದ ತೆಳುವಾದ ಹಾಳೆಗಳು ದೊರೆತವು. ಅವುಗಳ ಮೇಲೆ ಮಸಿಯ ಬರವಣಿಗೆ! ಗಾಳಿ ತಾಗದ ಒದ್ದೆ ಮಣ್ಣು ಅವನ್ನು ಹತ್ತೊಂಬತ್ತು ಶತಮಾನಗಳ ಕಾಲ ಕಾಪಾಡಿತ್ತು. ಮುಂದೆ ಇಂತಹ ನೂರಾರು ಓಲೆಗಳು ಅಲ್ಲಿ ಸಿಕ್ಕವು.

ಅವುಗಳಲ್ಲೊಂದು ಟುಂಗ್ರಿಯನ್ನರ ಮೊದಲನೆಯ ದಳದ ಹಾಜರಿ ಪಟ್ಟಿ. ತಾರೀಕು ಮೇ 18. ಪಟ್ಟಿಯಲ್ಲಿರುವ ಒಟ್ಟು ಆಳುಗಳು 752. ಅವರಲ್ಲಿ 456 ಮಂದಿ ಕೋಟೆಯಲ್ಲೇ ಇಲ್ಲ. 337 ಮಂದಿ ಕೋರಿಯಕ್ಕೆ, ಎಂದರೆ ಇಂದಿನ ಕಾರ್ಬ್ರಿಜ್‌ಗೆ, ಹೋಗಿದ್ದಾರೆ. 46 ಮಂದಿ ಪ್ರಾಂತಾಧಿಕಾರಿಯ ಕಾವಲಿಗೆ ಹೋಗಿದ್ದಾರೆ. ಉಳಿದವರು ಅಲ್ಲಿ ಇಲ್ಲಿ. ಕೋಟೆಯಲ್ಲಿರುವ 296 ಮಂದಿಯಲ್ಲೂ 15 ಮಂದಿ ಕಾಯಿಲೆಯವರು, 6 ಮಂದಿ ಗಾಯಾಳುಗಳು, 10 ಮಂದಿಗೆ ಕಣ್ಣುಬೇನೆ. ಜಗತ್ತನ್ನೇ ನಡುಗಿಸಿದ ಸೈನ್ಯದ ಒಂದು ದಳದಲ್ಲಿ ಆ ದಿನ ಗಟ್ಟಿಯಾಗಿ ನಿಲ್ಲಬಲ್ಲವರು ಕೋಟೆಯಲ್ಲಿ 265 ಮಾತ್ರ!

ಇನ್ನೊಂದು ಓಲೆಯಲ್ಲಿ ಯಾರೋ ಕೋಟೆಯ ಒಬ್ಬನಿಗೆ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳುಹಿಸಿದ ಸಮಾಚಾರವಿದೆ. ಮತ್ತೊಂದರಲ್ಲಿ ಅಧಿಕಾರಿಯೊಬ್ಬನ ಹೆಂಡತಿ ತನ್ನ ಹುಟ್ಟುಹಬ್ಬಕ್ಕೆ ಗೆಳತಿಯನ್ನು ಕರೆದಿದ್ದಾಳೆ.

ಈ ದಳದವರು ರೋಮಿನವರೂ ಅಲ್ಲ. ಟುಂಗ್ರಿಯನ್ನರ ಸೀಮೆ ಇಂದಿನ ಬೆಲ್ಜಿಯಂ. ಅದೇ ಕೋಟೆಯಲ್ಲಿದ್ದ ಬಟೇವಿಯನ್ನರು ಇಂದಿನ ನೆದರ್ಲೆಂಡ್ಸ್ ಕಡೆಯವರು. ಇವರ ಮನೆಮಾತು ಬೇರೆ, ಕಚೇರಿಯ ಮಾತು ಲ್ಯಾಟಿನ್. ಇಂತಹ ಸಹಾಯಕ ದಳದವರಿಗೆ ಸಾಮಾನ್ಯವಾಗಿ 25 ವರ್ಷ ದುಡಿದ ಮೇಲೆ ರೋಮಿನ ಪೌರತ್ವ ದೊರೆಯುತ್ತಿತ್ತು. ಹೀಗಿರುವಾಗ ಎಲ್ಲರಿಗೂ ಒಂದೇ ಮುಖ ಕೊಡುವುದು ನ್ಯಾಯವೆ?

ಕಟ್ಟುವ ಬಗೆ

752 ಬೊಂಬೆಗಳನ್ನು ಕಟ್ಟಲು ಮನೆಯಲ್ಲಿ ಜಾಗವೂ ಇರದು, ಹಣವೂ ಇರದು. ಹತ್ತು ಮಂದಿಗೆ ಒಂದು ಬೊಂಬೆಯಂತೆ ಲೆಕ್ಕ ಹಿಡಿದರೆ 75 ಸಾಕು. ಅವುಗಳಲ್ಲಿ ಸುಮಾರು 45ನ್ನು ಬೇರೊಂದು ಕಪಾಟಿನಲ್ಲಿ ಇಡಿ. ಅವರು ಕೋಟೆಯಲ್ಲಿಲ್ಲದವರು. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಹಲಗೆಯ ಮೇಲೆ ಉಳಿದ 30 ಮಾತ್ರ ನಿಲ್ಲಲಿ. ನೋಡಿದವರು, ಇದೇನು, ಸೈನ್ಯ ಇಷ್ಟೇ ಏನು ಎಂದು ಕೇಳಿಯಾರು. ಕೇಳಿದರೆ ನಿಮ್ಮ ಕೆಲಸ ಅರ್ಧ ಸಾರ್ಥಕವಾಯಿತು. ಆಗ ಹಾಜರಿ ಪಟ್ಟಿಯ ಕತೆ ಹೇಳಬಹುದು.

ರೋಮನ್ ಬೊಂಬೆಯೇ ಆಗಬೇಕೆಂದಿಲ್ಲ. ಅಳತೆ ಹೊಂದಿದರೆ ಜಾತ್ರೆಯ ಅಂಗಡಿಯ ಬಂದೂಕಿನ ಸಿಪಾಯಿಯೂ ಆದೀತು. ಮೊದಲು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯದು. ಬಂದೂಕನ್ನು ಕತ್ತರಿಸಿ ತೆಗೆದು, ಮುಷ್ಟಿಯಲ್ಲಿ ಸಣ್ಣ ತೂತು ಕೊರೆದು ತಂತಿಯ ಈಟಿ ತೊಡಿಸಿ. ಕತ್ತಿಯ ಕೆಲಸ ಹಿರಿಯರದು. ಮಕ್ಕಳ ಕೈಗೆ ಕೊಡಬೇಡಿ. ಮೆತ್ತನೆಯ ಪ್ಲಾಸ್ಟಿಕ್ಕಾದರೆ ಬಿಸಿನೀರಿನಲ್ಲಿ ಅದ್ದಿ ಕೈಕಾಲು ಬಗ್ಗಿಸಿ, ಒಡನೆ ತಣ್ಣೀರಿಗೆ ಹಾಕಿದರೆ ಹೊಸ ಭಂಗಿಯಲ್ಲೇ ನಿಲ್ಲುತ್ತದೆ. ತಲೆಗಳನ್ನು ಕೊಯ್ದು ಒಂದರದ್ದನ್ನು ಇನ್ನೊಂದಕ್ಕೆ ಸೂಜಿಯಿಂದ ಸಿಕ್ಕಿಸಿದರೆ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ನೋಡುತ್ತಾನೆ. ಗಡ್ಡ, ಮೀಸೆ, ಶಿರಸ್ತ್ರಾಣದ ಕೆನ್ನೆಪಟ್ಟಿಗಳನ್ನು ಗಟ್ಟಿಯಾಗುವ ಅಂಟುಮೇಣದಿಂದ ಮೆತ್ತಬಹುದು. ಕಣ್ಣುಬೇನೆಯವನ ಪಟ್ಟಿಗೆ ಅಂಟಿನಲ್ಲಿ ಅದ್ದಿದ ತೆಳು ಕಾಗದದ ಚೂರು ಸಾಕು. ಕಾಲುಚೀಲಕ್ಕೆ ಕಣಕಾಲಿನ ಸುತ್ತ ನಾಲ್ಕು ಸುತ್ತು ನೂಲು.

ಬಣ್ಣ ಹಚ್ಚುವಾಗ ಎಲ್ಲ ಅಂಗಿಗಳನ್ನೂ ಸಿನೆಮಾದಲ್ಲಿ ಕಂಡಂತೆ ಕೆಂಪು ಮಾಡಬೇಡಿ. ಬಣ್ಣ ಕಾಣದ ಉಣ್ಣೆಯ ಬಿಳಿ, ಮಾಸಿದ ಕಂದು ಕೂಡ ಇರಲಿ. ಎಂಟು ಮಂದಿಗೆ ಒಂದು ತೊಗಲಿನ ಗುಡಾರ. ಅದರ ಒಂದು ಬದಿ ಸುಮಾರು 3 ಮೀಟರ್. ನಮ್ಮ ಲೆಕ್ಕಕ್ಕೆ ಒಂಬತ್ತೂವರೆ ಸೆಂಟಿಮೀಟರ್. ನೆಲಕ್ಕೆ ಅಂಟಿನ ಮೇಲೆ ಜರಡಿ ಹಿಡಿದ ಮಣ್ಣು, ಹುಲ್ಲಿಗೆ ಕತ್ತರಿಸಿದ ತೆಂಗಿನ ನಾರು.

ಒಂದು ಚಿಟಿಕೆ ಒಳ್ಳೆಮೆಣಸು

ಕೊನೆಗೆ ಗುಡಾರದ ಬಾಗಿಲಲ್ಲಿ ಒಬ್ಬನನ್ನು ಕೂರಿಸಿ. ಅವನ ಹೆಸರು ಗಂಬಾಕ್ಸ್, ತಂದೆಯ ಹೆಸರು ಟಪ್ಪೊ. ರೋಮಿನವರದಲ್ಲದ ಹೆಸರುಗಳು, ಲ್ಯಾಟಿನ್ ಲೆಕ್ಕದ ಪಟ್ಟಿಯಲ್ಲಿ ಹಾಗೆಯೇ ಉಳಿದುಬಂದಿವೆ. ವಿಂಡೊಲಾಂಡದ ಓಲೆಯ ಪ್ರಕಾರ ಅವನು ಎರಡು ದಿನಾರಿಯಸ್ ನಾಣ್ಯಗಳ ಒಳ್ಳೆಮೆಣಸು ಕೊಂಡಿದ್ದಾನೆ. ಆ ಕಾಲದಲ್ಲಿ ಮುಖ್ಯದಳದ ಸಿಪಾಯಿಗೂ ವರ್ಷಕ್ಕೆ 300 ದಿನಾರಿಯಸ್ ಸಂಬಳ.

ಆ ಒಳ್ಳೆಮೆಣಸು ಬೆಳೆಯುತ್ತಿದ್ದುದು ಇಲ್ಲೇ, ನಮ್ಮ ಪಶ್ಚಿಮ ಘಟ್ಟದ ಕೆಳಗೆ. ಮಲಬಾರಿನ ಮುಜಿರಿಸ್‌ನಂತಹ ರೇವುಗಳಿಂದ ಹಡಗೇರಿ, ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಮಾರ್ಗವಾಗಿ ರೋಮಿಗೆ ಹೋಗುತ್ತಿತ್ತು. ಈಜಿಪ್ಟಿನ ಬೆರೆನಿಕೆ ಎಂಬ ಹಳೆಯ ರೇವಿನ ದೇಗುಲದಲ್ಲಿ 1999ರಲ್ಲಿ ಸುಮಾರು 7.5 ಕಿಲೊ ಮೆಣಸು ತುಂಬಿದ್ದ ಭಾರತದ ಮಡಕೆಯೊಂದು ಸಿಕ್ಕಿದೆ.

ಬೊಂಬೆಯ ಮುಂದೆ ಇಡಿಯ ಕಾಳು ಇಟ್ಟರೆ ಅಳತೆ ತಪ್ಪುತ್ತದೆ. 32 ಪಟ್ಟಿನ ಲೆಕ್ಕದಲ್ಲಿ ಅದು ಚೆಂಡಿನಷ್ಟಾಗುತ್ತದೆ. ಬಟ್ಟೆಯ ಚೂರಿನ ಪುಟ್ಟ ಚೀಲ ಮಾಡಿ, ಹಿತ್ತಿಲ ಬಳ್ಳಿಯ ಮೆಣಸನ್ನು ಕುಟ್ಟಿ ಒಂದು ಚಿಟಿಕೆ ತುಂಬಿ ಅವನ ಕೈಬಳಿ ಇಡಿ. ಇಡೀ ಹಲಗೆಯ ಮೇಲೆ ಬೊಂಬೆಯಲ್ಲದ, ಅಚ್ಚಿನಿಂದ ಬಾರದ, ನಿಜವಾದ ವಸ್ತು ಅದೊಂದೇ.