ನೂರು ತೋರಿದ ಪಟ್ಟಿಯೂ ಬಾರದಿದ್ದ ಪತ್ರಗಳೂ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಗ್ರಾಮದಲ್ಲಿರುವ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ 2025ರ ಶ್ರಾವಣ ಮಾಸದಲ್ಲಿ ನಡೆದ ಪ್ರಸಂಗವೊಂದನ್ನು ವಾಚಕ ಬಾಂಧವರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ನೋಡುವುದಕ್ಕೆ ಅದು ಸಣ್ಣ ಪ್ರಸಂಗವೇ. ಆದರೆ ಹದಿನೆಂಟು ವರ್ಷಗಳ ಪತ್ರವ್ಯವಹಾರವು ಒಂದು ಗುಂಡಿಯನ್ನು ಒತ್ತುವಷ್ಟರಲ್ಲಿ ಇಲ್ಲವಾಗಿ ಹೋಗುವುದಿತ್ತು. ಇಂದು ನಮ್ಮ ಸಮಾಜದ ಬಹುಪಾಲು ಕುಟುಂಬಗಳಲ್ಲಿ ಒಬ್ಬರಲ್ಲ ಒಬ್ಬರು ದೂರದ ಊರುಗಳಲ್ಲಿಯೋ ಪರದೇಶದಲ್ಲಿಯೋ ನೆಲೆಸಿರುವುದರಿಂದ, ಇಂತಹ ಸಂದರ್ಭವು ಯಾರ ಮನೆಯಲ್ಲಾದರೂ ಒದಗಬಹುದು.

ಆ ಮನೆಯ ಯಜಮಾನರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಮಗಳು ಮದುವೆಯಾಗಿ ಪರದೇಶಕ್ಕೆ ತೆರಳಿದ 2006ರಲ್ಲಿ ಪತಿಪತ್ನಿಯರಿಬ್ಬರೂ ಸೇರಿ ಒಂದು ಇ-ಮೇಲ್ ಖಾತೆಯನ್ನು ತೆರೆದರು. ಮೊದಮೊದಲು ಮಳವಳ್ಳಿಗೆ ಬಸ್ಸಿನಲ್ಲಿ ಹೋಗಿ, ಗಂಟೆಗಿಷ್ಟೆಂದು ಹಣ ತೆತ್ತು, ಮಗಳ ಪತ್ರವನ್ನು ಓದಿಕೊಂಡು ಬರುತ್ತಿದ್ದರು. ಅನಂತರ ಮನೆಗೇ ಗಣಕಯಂತ್ರ ಬಂದಿತು. ಮೇಷ್ಟ್ರು ಕನ್ನಡದಲ್ಲಿಯೇ ಬರೆಯುತ್ತಿದ್ದರು. ಕಾಗದದ ಮೇಲೆ ಬರೆಯುವಂತೆಯೇ ಮೇಲೆ ತಾರೀಖು, ಕೆಳಗೆ ಕ್ಷೇಮಸಮಾಚಾರ, ಆಮೇಲೆ ಮಳೆ, ರಾಗಿ, ಕಬ್ಬಿನ ಬಾಕಿ, ನೆರೆಹೊರೆಯವರ ಸುಖದುಃಖ. 2024ರ ಕಾರ್ತಿಕ ಮಾಸದಲ್ಲಿ ಅವರು ಲಿಂಗೈಕ್ಯರಾದರು. ವರ್ಷಾಂತಿಕದ ಹೊತ್ತಿಗೆ ಅವರ ಪತ್ರಗಳನ್ನೆಲ್ಲ ಮುದ್ರಿಸಿ, ಒಂದು ಸಂಪುಟವಾಗಿ ಕಟ್ಟಿಸಿ, ಮಕ್ಕಳ ಕೈಗೆ ಕೊಡಬೇಕೆಂಬುದು ಪತ್ನಿಯವರ ಆಸೆ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

ಅದೇ ಸಮಯಕ್ಕೆ ಅಂಚೆಯ ಸಂಸ್ಥೆಯಿಂದ ಸೂಚನೆಯೊಂದು ಬಂದಿತು. ಖಾತೆಯ ಜಾಗವು ತುಂಬಿದೆ, ಹೊಸ ಪತ್ರಗಳನ್ನು ಸ್ವೀಕರಿಸಲಾಗದು, ಹೆಚ್ಚಿನ ಜಾಗಕ್ಕೆ ಹಣ ಕಟ್ಟಿರಿ ಅಥವಾ ಹಳೆಯದನ್ನು ಅಳಿಸಿರಿ. ಆಗ ಎಂಜಿನಿಯರಿಂಗ್ ಓದುತ್ತಿರುವ ಮೈದುನನ ಮಗನು, ಎಲ್ಲ ಪತ್ರಗಳನ್ನೂ ಮನೆಯ ಯಂತ್ರಕ್ಕೆ ಇಳಿಸಿಕೊಂಡು, ಬಳಿಕ ಮೇಲಿರುವುದನ್ನು ಅಳಿಸಿಬಿಡೋಣವೆಂದು ಹೇಳಿ ಅಂಚೆಯ ತಂತ್ರಾಂಶವೊಂದನ್ನು ಅಳವಡಿಸಿದನು.

ಮೊದಲ ರಾತ್ರಿ ಪರದೆಯ ಕೆಳಗಿನ ಹಸಿರು ಪಟ್ಟಿಯು ಸರಸರನೆ ಮುಂದುವರಿದು ಶೇಕಡಾ 87ಕ್ಕೆ ಬಂದು ನಿಂತಿತು. ಒಂಬತ್ತು ಗಂಟೆಗೆ ನಿಂತದ್ದು ಹನ್ನೊಂದಾದರೂ ಕದಲಲಿಲ್ಲ. ಯಂತ್ರ ಕೆಟ್ಟಿತೆಂದು ಭಾವಿಸಿ ಹುಡುಗನು ಮುಚ್ಚಿದನು. ಮರುರಾತ್ರಿ ಖಾತೆಯನ್ನು ತೆಗೆದು ಹೊಸದಾಗಿ ಸೇರಿಸಿ ಮೊದಲಿನಿಂದ ಆರಂಭಿಸಿದನು. ಮತ್ತೆ 87ರಲ್ಲಿಯೇ ನಿಂತಿತು. ಮೂರನೆಯ ದಿನ ಬೆಳಿಗ್ಗೆ ಬೇರೆ ವಿಧಾನವನ್ನು ಆರಿಸಿಕೊಂಡನು. ಈ ಬಾರಿ ಇಪ್ಪತ್ತೇ ನಿಮಿಷಗಳಲ್ಲಿ ಪಟ್ಟಿಯು ನೂರು ಮುಟ್ಟಿತು! ಪತ್ರಗಳ ಸಾಲುಸಾಲು ಶೀರ್ಷಿಕೆಗಳು ಪರದೆಯ ತುಂಬ ಕಾಣಿಸಿದವು. “ಎಲ್ಲ ಬಂದಾಯಿತು ದೊಡ್ಡಮ್ಮ, ಮೇಲಿನದನ್ನು ಅಳಿಸಿಬಿಡಲೇ?” ಎಂದು ಕೇಳಿದನು.

ಅಕ್ಕನವರಿಗೆ ಪಟ್ಟಿಯ ಭಾಷೆ ತಿಳಿಯದು. ಅವರು ಹೇಳಿದ್ದು ಇಷ್ಟೇ: “ಅಳಿಸುವುದು ಆಮೇಲಾಗಲಿ. ನನ್ನ ಕಣ್ಣಿನ ಆಪರೇಷನ್ ಆದಾಗ ಅವರು ಮಗಳಿಗೊಂದು ಕಾಗದ ಬರೆದಿದ್ದರು. ಅದನ್ನು ಓದಿ ಹೇಳಪ್ಪ.” ಅಷ್ಟರಲ್ಲಿ, ಅಂತರಜಾಲದ ಸಂಪರ್ಕ ಕೊಟ್ಟಿದ್ದ ಮೊಬೈಲನ್ನು ಯಾರೋ ಎತ್ತಿಕೊಂಡು ಹಿತ್ತಿಲಿಗೆ ಹೋಗಿದ್ದರು. ಹುಡುಗನು 2011ರ ಆ ಪತ್ರವನ್ನು ತೆರೆದನು. ಶೀರ್ಷಿಕೆಯಿತ್ತು, ತಾರೀಖಿತ್ತು, ಒಳಗೆ ಬರಿಯ ಬಿಳಿ. ಮತ್ತೊಂದನ್ನು ತೆರೆದನು, ಅದೂ ಹಾಗೆಯೇ. ಅಂದು ಮಧ್ಯಾಹ್ನ ನನಗೆ ದೂರವಾಣಿಯ ಕರೆ ಬಂದಿತು.

ಗಣಕ ವಿಭಾಗದಲ್ಲಿ ಬಹುಕಾಲ ದುಡಿದವನಾದರೂ, ಆ ಹಸಿರು ಪಟ್ಟಿಯನ್ನು ನಂಬಿ ನಾನೂ ಎಷ್ಟೋ ಸಲ ಮೋಸಹೋಗಿದ್ದೇನೆ. ಆ ಪಟ್ಟಿಯು ಅಳತೆಗೋಲಲ್ಲ, ಅದೊಂದು ಅಂದಾಜು. 1985ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದಲ್ಲಿದ್ದ ಬ್ರ್ಯಾಡ್ ಮೈಯರ್ಸ್ ಎಂಬವರು, ಕೆಲಸವು ಎಷ್ಟು ಮುಗಿದಿದೆಯೆಂದು ತೋರಿಸುವ ಇಂತಹ ಸೂಚಕಗಳನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದರು. ಸೂಚಕವಿದ್ದರೆ ಜನರು ಅದನ್ನೇ ಮೆಚ್ಚುತ್ತಾರೆಂಬುದು ಅವರು ಕಂಡುಕೊಂಡ ಸಂಗತಿ. ಕಾಯುವವರ ಮನಸ್ಸಿಗೆ ಸಮಾಧಾನ ಕೊಡುವುದೇ ಅದರ ದೊಡ್ಡ ಉಪಯೋಗ. ಮಂಡ್ಯ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ನಾಲೆಗೆ ಇಷ್ಟು ಕ್ಯುಸೆಕ್ ನೀರು ಬಿಟ್ಟರೆಂದು ಬೆಳಗಿನ ಪತ್ರಿಕೆಯಲ್ಲಿ ಓದುವುದು ಒಂದು, ಮಳವಳ್ಳಿ ಮದ್ದೂರುಗಳ ಕೊನೆಯ ಭಾಗದ ಗದ್ದೆಗೆ ಆ ನೀರು ಬಂದು ತಲುಪುವುದು ಮತ್ತೊಂದು.

ಹಾಗಾದರೆ 87ರಲ್ಲಿ ನಿಂತದ್ದೇಕೆ? ಮೊದಲ ಎರಡು ರಾತ್ರಿ ಹುಡುಗನು ಆರಿಸಿಕೊಂಡಿದ್ದುದು ಪಾಪ್ ಎಂಬ ವಿಧಾನ. ಇದರ ಮೊದಲ ರೂಪವು 1984ರಲ್ಲಿ ಪ್ರಕಟವಾಯಿತು. ಸರ್ವರ್‌ನಲ್ಲಿರುವ ಪತ್ರಗಳನ್ನು ಒಂದೊಂದಾಗಿ ಪೂರ್ತಿಯಾಗಿ ತಂದು ಮನೆಯ ಯಂತ್ರಕ್ಕೆ ಒಪ್ಪಿಸುವುದು ಇದರ ಕೆಲಸ. ಅವರ ತಂತ್ರಾಂಶವು ಪಟ್ಟಿಯನ್ನು ಪತ್ರಗಳ ಸಂಖ್ಯೆಯ ಮೇಲೆ ಓಡಿಸುತ್ತಿತ್ತು, ತೂಕದ ಮೇಲಲ್ಲ. ಖಾತೆಯಲ್ಲಿ ಸುಮಾರು 4000 ಪತ್ರಗಳು. ಅಂದರೆ 40 ಪತ್ರಗಳು ಬಂದರೆ ಪಟ್ಟಿಯು ಶೇಕಡಾ 1ರಷ್ಟು ಮುಂದೆ ಹೋಗುತ್ತದೆ. ಸಾಧಾರಣ ಪತ್ರವೊಂದಕ್ಕೆ 10 ಕಿಲೋಬೈಟ್ ಎಂದಿಟ್ಟುಕೊಂಡರೆ 40 ಪತ್ರಗಳಿಗೆ 400 ಕಿಲೋಬೈಟ್ ಆಯಿತು. ಆದರೆ ಮಗಳು ತನ್ನ ಗೃಹಪ್ರವೇಶದ ಛಾಯಾಚಿತ್ರಗಳನ್ನು ಒಂದೇ ದಿನ ಹನ್ನೆರಡು ಪತ್ರಗಳಲ್ಲಿ ಹಂಚಿ ಕಳುಹಿಸಿದ್ದಳು. ಒಂದೊಂದೂ ಸುಮಾರು 20 ಮೆಗಾಬೈಟ್, ಒಟ್ಟು 240 ಮೆಗಾಬೈಟ್. ಈ ಹನ್ನೆರಡೂ ಸೇರಿದರೂ ಪಟ್ಟಿಯ ಲೆಕ್ಕದಲ್ಲಿ ಶೇಕಡಾ 1ರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಹಳ್ಳಿಯ ಮೊಬೈಲ್ ಸಂಪರ್ಕದಲ್ಲಿ ಅಷ್ಟು ಭಾರವು ಇಳಿಯುವುದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತೂ ಪಟ್ಟಿಯು 87ರಲ್ಲಿಯೇ ಇರುತ್ತದೆ. ಯಂತ್ರವು ನಿಂತಿರಲಿಲ್ಲ. ಆ ಎರಡು ರಾತ್ರಿಗಳಲ್ಲಿ ಅದು ಅತಿ ಹೆಚ್ಚು ದುಡಿದದ್ದು ನಮಗೆ ನಿಂತಂತೆ ಕಂಡ ಆ ಎರಡು ಗಂಟೆಗಳಲ್ಲಿಯೇ.

ಇನ್ನು ಕೆಲವು ತಂತ್ರಾಂಶಗಳು ತೂಕವನ್ನೇ ಲೆಕ್ಕ ಹಾಕುತ್ತವೆ. ಅಲ್ಲಿಯೂ ತಪ್ಪುಗಳುಂಟು. ಮೊದಲನೆಯದು, ಸರ್ವರ್ ಹೇಳುವ ಗಾತ್ರವೇ ಅಂದಾಜಿನದಾಗಿರಬಹುದು. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಚೇಂಜ್ ಸರ್ವರ್ ಪತ್ರಗಳನ್ನು ತನ್ನದೇ ರೂಪದಲ್ಲಿ ಇರಿಸಿಕೊಂಡು, ಕೇಳಿದಾಗ ಮತ್ತೆ ಕಟ್ಟಿಕೊಡುತ್ತದೆ. ಕಟ್ಟುವ ಮೊದಲೇ ಗಾತ್ರವನ್ನು ಕೇಳಿದರೆ ಅದು ಕೊಡುವುದು ಅಂದಾಜನ್ನೇ. ನಿಖರವಾದ ಗಾತ್ರ ಬೇಕೆಂದರೆ ಅದರ ಮೇಲ್ವಿಚಾರಕರು ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ, ಸರ್ವರಿಗೂ ಶ್ರಮ ಹೆಚ್ಚು. ಎರಡನೆಯದು, ಲಗತ್ತುಗಳು ಇದ್ದ ಹಾಗೆಯೇ ಪ್ರಯಾಣ ಮಾಡುವುದಿಲ್ಲ. ಬೇಸ್-64 ಎಂಬ ಕ್ರಮದಲ್ಲಿ ಪ್ರತಿ 3 ಬೈಟುಗಳು 4 ಅಕ್ಷರಗಳಾಗಿ ಮಾರ್ಪಡುತ್ತವೆ, ಸಾಲುಸಾಲಿನ ಕೊನೆಗೂ ಗುರುತು ಸೇರುತ್ತದೆ. ಹೀಗಾಗಿ 10 ಮೆಗಾಬೈಟಿನ ಚಿತ್ರವು ದಾರಿಯಲ್ಲಿ ಸುಮಾರು 13.7 ಮೆಗಾಬೈಟ್ ಆಗಿರುತ್ತದೆ. ಮೂಟೆ ಕಟ್ಟಿದ ಮೇಲೆ ಗೋಣಿಯ ತೂಕವೂ ಸೇರುವುದಿಲ್ಲವೇ, ಹಾಗೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ಪೂರಿಗಾಲಿ ಎಂಬುದು ನಮ್ಮ ಕಣ್ಣಿಗೆ ನಾಲ್ಕಕ್ಷರ. ಯಂತ್ರದ ಪಾಲಿಗೆ ಅದು ನಾಲ್ಕು ವ್ಯಂಜನ, ನಾಲ್ಕು ಸ್ವರಚಿಹ್ನೆ, ಒಟ್ಟು 8 ಸಂಕೇತ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟಿನಂತೆ 24 ಬೈಟು. ಬೇಸ್-64ರಲ್ಲಿ ಕಟ್ಟಿದರೆ 32 ಆಗುತ್ತದೆ. ಕೋಟೆಡ್ ಪ್ರಿಂಟಬಲ್ ಎಂಬ ಇನ್ನೊಂದು ಕ್ರಮದಲ್ಲಿ ಕಟ್ಟಿದರೆ 72! ಮೇಷ್ಟ್ರ ಒಂದು ಪುಟದ ಪತ್ರವು ಇಂಗ್ಲಿಷಿನ ಮೂರು ನಾಲ್ಕು ಪುಟಗಳಿಗಿಂತ ಭಾರವಾಗಿದ್ದುದು ಹೀಗೆ. ಆದರೂ ಒಂದು ಛಾಯಾಚಿತ್ರದ ಮುಂದೆ ಇದು ಏನೂ ಅಲ್ಲವೆನ್ನಿ.

ಮೂರನೆಯ ದಿನದ ‘ನೂರು’ ಇದಕ್ಕಿಂತ ಅಪಾಯಕರವಾದುದು. ಅಂದು ಹುಡುಗನು ಆರಿಸಿದ್ದು ಐಮ್ಯಾಪ್ ವಿಧಾನ. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಇದನ್ನು ರೂಪಿಸಿದರು. ಇದರಲ್ಲಿ ಪತ್ರಗಳ ಮೂಲಸ್ಥಾನ ಸರ್ವರೇ. ಮನೆಯ ಯಂತ್ರದಲ್ಲಿ ಕಾಣುವುದು ಅದರ ಪ್ರತಿಬಿಂಬ. ತಂತ್ರಾಂಶವು ಸಾಮಾನ್ಯವಾಗಿ ಮೊದಲು ಶೀರ್ಷಿಕೆಗಳನ್ನಷ್ಟೇ ತರುತ್ತದೆ, ಪಟ್ಟಿಯು ನೂರು ತೋರಿಸುವುದು ಅವಕ್ಕೆ. ಒಡಲಿನ ಬರಹವು ಪತ್ರವನ್ನು ತೆರೆದಾಗಲೋ ಯಂತ್ರವು ಬಿಡುವಾದಾಗಲೋ ಸದ್ದಿಲ್ಲದೆ ಬರುತ್ತದೆ. ಇನ್ನೊಂದು ಮಾತು: ಇದು ಪ್ರತಿಬಿಂಬವಾದ ಕಾರಣ, ಮೇಲೆ ಅಳಿಸಿದರೆ ಕೆಳಗೂ ಅಳಿಯುತ್ತದೆ, ಕೆಳಗೆ ಅಳಿಸಿದರೆ ಮೇಲೂ ಅಳಿಯುತ್ತದೆ. ಪತ್ರಗಳು ಪೂರ್ತಿಯಾಗಿ ಬಂದಿದ್ದರೂ ಅಂದು ಹುಡುಗನು ಗುಂಡಿಯನ್ನು ಒತ್ತಿದ್ದರೆ ಎರಡು ಕಡೆಯೂ ಬರಿದಾಗುತ್ತಿತ್ತು. ಅಕ್ಕನವರು ಆ ಕಾಗದವನ್ನು ಕೇಳಿದ್ದರಿಂದ ಉಳಿಯಿತು.

ಪಟ್ಟಿಯನ್ನು ಬಿಟ್ಟು ಮತ್ತೇನನ್ನು ನೋಡಬೇಕು? ಅನೇಕರು ಬಳಸುವ, 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ, ಉಚಿತವಾಗಿ ದೊರೆಯುವ ಥಂಡರ್‌ಬರ್ಡ್ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರ ‘ಟೂಲ್ಸ್’ ಪಟ್ಟಿಯಲ್ಲಿ ‘ಆ್ಯಕ್ಟಿವಿಟಿ ಮ್ಯಾನೇಜರ್’ ಎಂಬುದಿದೆ. ಯಾವ ಕಡತಕೋಶದಲ್ಲಿ ಏನು ನಡೆಯುತ್ತಿದೆಯೆಂದು ಅಲ್ಲಿ ಮಾತುಗಳಲ್ಲಿ ಬರೆದಿರುತ್ತದೆ. ವಿಂಡೋಸ್ ಯಂತ್ರವಾದರೆ ‘ಟಾಸ್ಕ್ ಮ್ಯಾನೇಜರ್’ ತೆರೆದು ಅಂತರಜಾಲದ ಹರಿವನ್ನು ಗಮನಿಸಬಹುದು. ಗೆರೆಯು ಏರಿಳಿಯುತ್ತಿದ್ದರೆ ನೀರು ಹರಿಯುತ್ತಿದೆಯೆಂದೇ ಅರ್ಥ. ಸುಮ್ಮನೆ ಬಿಟ್ಟು ಮಲಗಿರಿ. ಹರಿವೂ ಇಲ್ಲ, ಪತ್ರಗಳನ್ನಿರಿಸುವ ಕೋಶದ ಗಾತ್ರವೂ ಹೆಚ್ಚುತ್ತಿಲ್ಲ, ಕಾಲು ಗಂಟೆಯಾದರೂ ಹಾಗೆಯೇ ಇದೆಯೆಂದಾದರೆ ಮಾತ್ರ ನಿಜವಾಗಿ ನಿಂತಿದೆಯೆನ್ನಬೇಕು.

ಹಾಗೆ ನಿಂತಾಗ ಮೊದಲು ಅನುಮಾನಿಸಬೇಕಾದುದು ವೈರಸ್ ತಡೆಯುವ ತಂತ್ರಾಂಶವನ್ನು. ಅವುಗಳಲ್ಲಿ ಕೆಲವು ಪತ್ರವನ್ನು ನಡುದಾರಿಯಲ್ಲಿ ಹಿಡಿದು, ಪೂರ್ತಿಯಾಗಿ ಪರೀಕ್ಷಿಸಿದ ಬಳಿಕವೇ ಒಳಗೆ ಬಿಡುತ್ತವೆ. ಪಟ್ಟಿಯು ಸೊನ್ನೆಯಲ್ಲಿದ್ದು ಥಟ್ಟನೆ ನೂರಕ್ಕೆ ಜಿಗಿಯುವುದಕ್ಕೂ ಇದೇ ಕಾರಣವಾಗಿರಬಹುದು. ಒಂದೇ ಪತ್ರದ ಬಳಿ ಪ್ರತಿಸಲವೂ ಸಿಕ್ಕಿಕೊಂಡರೆ, ಆ ಪತ್ರವನ್ನು ಜಾಲತಾಣದಲ್ಲಿಯೇ ತೆರೆದು ಬೇರೆ ಕೋಶಕ್ಕೆ ಸರಿಸಿ ಮುಂದುವರಿಯಬಹುದು. ಕೆಲವು ಸಂಸ್ಥೆಗಳು ದಿನಕ್ಕಿಷ್ಟೇ ಎಂಬ ಮಿತಿಯನ್ನೂ ಇರಿಸಿವೆ. ಗೂಗಲ್ ತನ್ನ ವರ್ಕ್‌ಸ್ಪೇಸ್ ಖಾತೆಗಳಿಗೆ ಐಮ್ಯಾಪ್ ಮೂಲಕ ದಿನಕ್ಕೆ 2500 ಮೆಗಾಬೈಟ್ ಎಂದು ನಿಗದಿಪಡಿಸಿದೆ. ಜಿಮೇಲ್‌ನಲ್ಲಿ ಒಂದೇ ಪತ್ರವು ‘ಇನ್‌ಬಾಕ್ಸ್’ನಲ್ಲಿಯೂ ‘ಆಲ್ ಮೇಲ್’ನಲ್ಲಿಯೂ ಕಾಣುವುದರಿಂದ, ಇಳಿಸಬೇಕಾದ ಭಾರವು ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಬಹುದೆಂಬುದೂ ನೆನಪಿರಲಿ. ಪೆನ್‌ಡ್ರೈವಿಗೆ ನಕಲು ಮಾಡುವವರು ಅದು ಹಳೆಯ ಫ್ಯಾಟ್-32 ಮಾದರಿಯದೇ ಎಂದು ನೋಡಿಕೊಳ್ಳಬೇಕು. ಅದರಲ್ಲಿ 4 ಗಿಗಾಬೈಟನ್ನು ಮೀರಿದ ಒಂದೇ ಕಡತವು ಹಿಡಿಸದು.

‘ರಿಪೇರ್ ಫೋಲ್ಡರ್’ ಎಂಬ ಗುಂಡಿಯನ್ನು ಒತ್ತಿರೆಂದು ಸಲಹೆ ಕೊಡುವವರು ಬಹಳ ಮಂದಿ. ಐಮ್ಯಾಪ್ ಖಾತೆಯಲ್ಲಿ ಅದನ್ನು ಒತ್ತಿದರೆ ಆ ಕೋಶವನ್ನೆಲ್ಲ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ಅರ್ಧ ಹಾದಿ ಬಂದವರು ಅದರ ಗೊಡವೆಗೆ ಹೋಗದಿರುವುದೇ ಲೇಸು. ಪಾಪ್ ವಿಧಾನದವರು ‘ಲೀವ್ ಮೆಸೇಜಸ್ ಆನ್ ಸರ್ವರ್’ ಎಂಬಲ್ಲಿ ಗುರುತು ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ನಮ್ಮ ಹುಡುಗನ ಅದೃಷ್ಟಕ್ಕೆ ಅದು ಇತ್ತು.

ಪೂರಿಗಾಲಿಯಲ್ಲಿ ನಾವು ಮಾಡಿದ್ದು ಹೀಗೆ. ಐಮ್ಯಾಪನ್ನೇ ಇರಿಸಿಕೊಂಡು, ಎಲ್ಲ ಪತ್ರಗಳನ್ನೂ ಈ ಯಂತ್ರದಲ್ಲಿ ಇರಿಸಿಕೊಳ್ಳುವಂತೆ ಖಾತೆಯ ವ್ಯವಸ್ಥೆಯಲ್ಲಿ ಗುರುತು ಹಾಕಿ, ಮೂರು ರಾತ್ರಿ ಯಂತ್ರವನ್ನು ಆರಿಸದೆ ಬಿಟ್ಟೆವು. ಪಟ್ಟಿಯ ಮೇಲೆ ಒಂದು ಕಾಗದದ ಚೂರನ್ನು ಅಂಟಿಸಿದ್ದೆವೆಂದರೆ ವಾಚಕರು ನಗಬಹುದು. ಆಮೇಲೆ ‘ಲೋಕಲ್ ಫೋಲ್ಡರ್ಸ್’ ಎಂಬ ಪ್ರತ್ಯೇಕ ಸ್ಥಳಕ್ಕೆ ಎಲ್ಲವನ್ನೂ ನಕಲು ಮಾಡಿದೆವು. ಅಲ್ಲಿರುವುದು ಪ್ರತಿಬಿಂಬವಲ್ಲ, ಮೇಲೆ ಅಳಿಸಿದರೂ ಇದು ಅಳಿಯದು. ಮೇಲಿನ ಪತ್ರಗಳ ಸಂಖ್ಯೆಯನ್ನೂ ಕೆಳಗಿನ ಸಂಖ್ಯೆಯನ್ನೂ ಕೋಶ ಕೋಶವಾಗಿ ಎಣಿಸಿ ಹೋಲಿಸಿದೆವು. ಕೊನೆಗೆ ಮೊಬೈಲನ್ನು ಆರಿಸಿ, ಅಕ್ಕನವರನ್ನು ಕರೆದು ಕೂರಿಸಿದೆವು. ಅವರು ವರ್ಷಕ್ಕೊಂದರಂತೆ ನೆನಪಿನಿಂದಲೇ ಹದಿನೆಂಟು ಪತ್ರಗಳನ್ನು ಕೇಳಿದರು. ಹದಿನೇಳು ತೆರೆದುಕೊಂಡವು. ಗೃಹಪ್ರವೇಶದ ಒಂದು ಪತ್ರ ಮಾತ್ರ ಅರ್ಧಕ್ಕೆ ನಿಂತಿತ್ತು. ಅದನ್ನು ಜಾಲತಾಣದಿಂದಲೇ ಪ್ರತ್ಯೇಕವಾಗಿ ಇಳಿಸಿಕೊಂಡೆವು.

ಕಣ್ಣಿನ ಆಪರೇಷನ್ನಿನ ಕಾಗದವು ಅಷ್ಟೇನೂ ಉದ್ದವಿರಲಿಲ್ಲ. ನಿನ್ನ ಅವ್ವನಿಗೆ ಈಗ ಸೂಜಿಯ ಕಣ್ಣು ಕಾಣುತ್ತಿದೆಯೆಂದೂ, ನನ್ನ ಅಂಗಿಗೆ ಗುಂಡಿ ಹೊಲಿದಳೆಂದೂ ಮೇಷ್ಟ್ರು ಬರೆದಿದ್ದರು. ಹುಡುಗನು ಅದನ್ನು ಎರಡು ಸಲ ಓದಿದನು. ಮೇಲಿನದನ್ನು ಇನ್ನು ಅಳಿಸಬಹುದಲ್ಲವೇ ಎಂದು ನಾನು ಕೇಳಿದಾಗ, ಮತ್ತೊಂದು ನಕಲನ್ನು ಬೇರೆ ಡಿಸ್ಕಿನಲ್ಲಿ ಹಾಕಿ ಮಗಳ ಮನೆಗೆ ಕಳುಹಿಸಿದ ಮೇಲೆ ನೋಡೋಣ ಎಂದರು ಅಕ್ಕನವರು. ಡಿಸ್ಕು ಹೋಗಿ ತಲುಪಿ, ಅಲ್ಲಿಯೂ ಆ ಕಾಗದವು ತೆರೆದುಕೊಂಡಿತೆಂದು ಮಗಳಿಂದ ಸುದ್ದಿ ಬಂದ ಅನಂತರವೇ ಖಾತೆಯಲ್ಲಿ ಜಾಗ ಮಾಡಲಾಯಿತು.